ದೀನತೆ ಒಂದು ಭಾನುವಾರ, ಪುನರುತ್ಥಾನ ಇನ್ನೊಂದು ಭಾನುವಾರ: ಯಾಕೆ ಹೀಗೆ?

ಬೆಟಗೇರಿಯವ:

ನಮ್ಮ ಕ್ರೈಸ್ತ ಸಭೆಗಳಲ್ಲಿ ದೀನತೆಯ ಬಗ್ಗೆ ಪ್ರಸಂಗಕ್ಕೇನೂ ಬರ ಇಲ್ಲ. ಪುನರುತ್ಥಾನ, ಅಂದರೆ ಸತ್ತವರು ಎದ್ದು ಬರುವುದು, ಅದರ ಬಗ್ಗೆಯೂ ಬರ ಇಲ್ಲ. ಆದರೆ ಎರಡೂ ಒಟ್ಟಿಗೆ ಬರುವುದೇ ಇಲ್ಲ. ದೀನತೆ ಈಸ್ಟರ್‌ಗೆ ಮುಂಚಿನ ಲೆಂಟ್ ಉಪವಾಸದ ದಿನಗಳಿಗೆ, ಪುನರುತ್ಥಾನ ಈಸ್ಟರ್‌ಗೆ. ಇಲ್ಲಾಂದ್ರೆ ಯಾರಾದರೂ ತೀರಿಕೊಂಡಾಗ ಸ್ಮಶಾನದಲ್ಲಿ.

ಬೈಬಲಿನಲ್ಲಿ ಲೂಕನ ಸುವಾರ್ತೆಯ 14ನೇ ಅಧ್ಯಾಯ ತೆಗೆದು ನೋಡಿ. ಒಬ್ಬ ಫರಿಸಾಯನ, ಅಂದರೆ ಯೆಹೂದ್ಯರ ಕಟ್ಟುನಿಟ್ಟಿನ ಪಂಥದವನೊಬ್ಬನ ಮನೆಯಲ್ಲಿ ಊಟ. ಬಂದವರೆಲ್ಲ ಮುಂದಿನ ಜಾಗಕ್ಕೆ ನುಗ್ಗುತ್ತಿದ್ದಾರೆ. ಯೇಸು ಅದನ್ನು ನೋಡಿ, ಕಡೇ ಜಾಗದಲ್ಲಿ ಹೋಗಿ ಕೂತುಕೊಳ್ಳಿ ಅನ್ನುತ್ತಾನೆ. ಇಷ್ಟು ಎಲ್ಲರಿಗೂ ಗೊತ್ತು. ಆಮೇಲೆ ಊಟಕ್ಕೆ ಕರೆದ ಯಜಮಾನನ ಕಡೆ ತಿರುಗುತ್ತಾನೆ. ನಿನ್ನನ್ನು ತಿರುಗಿ ಊಟಕ್ಕೆ ಕರೆಯುವವರನ್ನು ಕರೆಯಬೇಡ, ಬಡವರನ್ನೂ ಕುಂಟರನ್ನೂ ಕುರುಡರನ್ನೂ ಕರೆ. ಅವರ ಕೈಲಿ ನಿನಗೆ ಮರಳಿ ಕೊಡಲು ಏನೂ ಇಲ್ಲ. ನಿನಗೆ ಬರಬೇಕಾದದ್ದು ನೀತಿವಂತರ ಪುನರುತ್ಥಾನದಲ್ಲಿ ಬರುತ್ತದೆ. 7ನೇ ವಚನದಿಂದ 14ರ ಒಳಗೆ ಎರಡೂ ಮುಗಿದುಹೋಯಿತು. ಒಂದೇ ಊಟ, ಒಂದೇ ಮಾತುಕತೆ.

ಹಾಗಿದ್ದಮೇಲೆ ನಾವು ಯಾಕೆ ಎರಡನ್ನೂ ಬಿಡಿಸಿ ಇಟ್ಟಿದ್ದೇವೆ? ಎದ್ದು ಬರುತ್ತೇವೆ ಅನ್ನುವ ನಿರೀಕ್ಷೆ ಇಲ್ಲದೆ ಹೋದರೆ ದೀನತೆ ಬರೀ ಮರ್ಯಾದಸ್ಥರ ನಡತೆ ಆಗುತ್ತದೆ. ಅಥವಾ ಇನ್ನೂ ಕೆಟ್ಟದ್ದು, ಇನ್ನೊಬ್ಬರ ಬಾಯಿ ಮುಚ್ಚಿಸುವ ಉಪಾಯ ಆಗುತ್ತದೆ. ನನ್ನ ವಾದ ಇಷ್ಟೇ. ಒಪ್ಪದವರು ಜಗಳಕ್ಕೆ ಬನ್ನಿ.

ಸುಮ್ನೆ ಓದುವವ:

ನಾನು ಕ್ರೈಸ್ತನಲ್ಲ. ಇಲ್ಲಿ ಓದುತ್ತಿರುತ್ತೇನೆ, ಅಷ್ಟೇ. ಜಗಳಕ್ಕೆ ಕರೆದಿರಲ್ಲ, ಬಂದೆ.

ನನಗೆ ಕಾಣಿಸೋದು ಉಲ್ಟಾ. ಪುನರುತ್ಥಾನ ಸೇರಿಸಿದರೇ ಬಾಯಿ ಮುಚ್ಚಿಸೋದು ಇನ್ನೂ ಸುಲಭ ಅಲ್ವಾ? ಇಲ್ಲಿ ತಗ್ಗಿ ಬಗ್ಗಿ ನಡಿ, ಸತ್ತ ಮೇಲೆ ಎಲ್ಲ ಸಿಗುತ್ತೆ. ಕೂಲಿ ಕೇಳಬೇಡ, ಸ್ವರ್ಗ ಕೇಳು. ಎಲ್ಲ ಧರ್ಮದಲ್ಲೂ ಉಳ್ಳವರು ಇಲ್ಲದವರಿಗೆ ಹೇಳಿಕೊಂಡು ಬಂದದ್ದು ಇದನ್ನೇ.

ಗಡಿನಾಡು:

ಓದುವವರೇ, ನಿಮ್ಮ ಮಾತು ಸುಳ್ಳಲ್ಲ. ನಮ್ಮ ಕಡೆ ಸಭೆಗೆ ಬಂದ ಹಿರಿಯರು ಊರ ಗೌಡರ ಮುಂದೆ ಬೆನ್ನು ಬಗ್ಗಿಸಿ ನಿಂತೇ ಬೆಳೆದವರು. ಅವರಿಗೆ ದೀನತೆ ಕಲಿಸುವ ಅಗತ್ಯವೇ ಇರಲಿಲ್ಲ. ನೆಟ್ಟಗೆ ನಿಲ್ಲೋದನ್ನ ಕಲಿಸಬೇಕಿತ್ತು. ಕಲಿಸಿದವರೂ ಇದ್ದರು, ಬಗ್ಗಿಯೇ ಇರು ಅಂದವರೂ ಇದ್ದರು.

ಆದರೆ ಬೆಟಗೇರಿಯವರು ಹೇಳಿದ ಅಧ್ಯಾಯದ ಹಿಂದಿನ ಅಧ್ಯಾಯ ನೋಡಿ. ಲೂಕ 13. ಅಲ್ಲಿ 18 ವರ್ಷದಿಂದ ಬೆನ್ನು ಬಗ್ಗಿಹೋದ ಒಬ್ಬ ಹೆಂಗಸು. ಸ್ವಲ್ಪವೂ ಮೇಲೆ ನೋಡಲಾರಳು. ಯೇಸು ಅವಳಿಗೆ ದೀನತೆಯ ಪಾಠ ಹೇಳಲಿಲ್ಲ. ಕರೆದು, ಕೈಯಿಟ್ಟು, ನೆಟ್ಟಗೆ ನಿಲ್ಲಿಸಿದ. ಕೆಳಗೆ ಹೋಗಿ ಕೂತುಕೊಳ್ಳಿ ಅಂದದ್ದು ಮುಂದಿನ ಅಧ್ಯಾಯದಲ್ಲಿ, ಮುಂದಿನ ಜಾಗ ಹಿಡಿದವರಿಗೆ. ಯಾರಿಗೆ ಯಾವ ಮಾತು ಅನ್ನೋದನ್ನ ನಮ್ಮ ಪ್ರಸಂಗಿಗಳು ಕಲಸುಮೇಲೋಗರ ಮಾಡಿಬಿಟ್ಟಿದ್ದಾರೆ.

ಕುಡ್ಲದ ಅಕ್ಕ:

ಗಡಿನಾಡು ಅವರೇ, ಇದನ್ನು ನಾನು ಗಮನಿಸಿಯೇ ಇರಲಿಲ್ಲ. ಥ್ಯಾಂಕ್ಸ್.

ನಮ್ಮ ಕಥೋಲಿಕರ ಕಡೆಯ ಒಂದು ತಮಾಷೆ ಹೇಳುತ್ತೇನೆ. ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರದ ಸಂಜೆ ಪೂಜೆಯಲ್ಲಿ ಫಾದರ್ 12 ಜನರ ಪಾದ ತೊಳೆಯುತ್ತಾರೆ. ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ನೆನಪಿಗೆ. ಮೊದಲೆಲ್ಲ ಗಂಡಸರದ್ದೇ ಪಾದ. ಪೋಪ್ ಫ್ರಾನ್ಸಿಸ್ 2016ರ ಜನವರಿಯಲ್ಲಿ ನಿಯಮ ಬದಲಿಸಿದ ಮೇಲೆ ಹೆಂಗಸರನ್ನೂ ಕೂರಿಸಬಹುದು. ನಾನು ಕಂಡ ಒಂದು ಚರ್ಚಿನಲ್ಲಿ ಆ 12 ಕುರ್ಚಿಗಳಿಗಾಗಿ ಎಂಥ ಲಾಬಿ ಅಂತೀರಿ! ಯಾವ ವಾರ್ಡಿನಿಂದ ಯಾರು, ಹೋದ ವರ್ಷ ಕೂತವರು ಈ ವರ್ಷವೂ ಯಾಕೆ, ನಮ್ಮ ಯಜಮಾನರನ್ನು ಯಾಕೆ ಬಿಟ್ಟಿರಿ. ಹೊಸ ಚಪ್ಪಲಿ, ಉಗುರು ಕತ್ತರಿಸಿ, ಪಾದಕ್ಕೆ ಪೌಡರು ಹಾಕಿಕೊಂಡು ಬಂದು ಕೂರುತ್ತಾರೆ. ದೀನತೆಯ ಹಬ್ಬದಲ್ಲೂ ಮುಂದಿನ ಜಾಗಕ್ಕೇ ಜಗಳ. ಲೂಕ ಇದನ್ನು ಮೊದಲೇ ಬರೆದಿಟ್ಟಿದ್ದಾನೆ ಬಿಡಿ.

ಹಳೇ ಪುಸ್ತಕ:

ಅಕ್ಕಾ, ಪೌಡರು ಓದಿ ನಗು ತಡೆಯಲಾಗಲಿಲ್ಲ.

ಓದುವವರ ಪ್ರಶ್ನೆ ಮಾತ್ರ ಗಟ್ಟಿ ಇದೆ. ಅದಕ್ಕೆ ವಾದದಿಂದ ಉತ್ತರ ಕೊಡುವುದಕ್ಕಿಂತ ಒಬ್ಬ ಹೆಂಗಸಿನ ಬದುಕು ತೋರಿಸುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಹೆಸರು ಮ್ಯಾಕ್ರಿನಾ. 4ನೇ ಶತಮಾನ. ಊರು ಪೊಂಟಸ್ ಸೀಮೆಯ ಅನ್ನಿಸಾ, ಈಗಿನ ಟರ್ಕಿಯ ಉತ್ತರ ಭಾಗದಲ್ಲಿ, ಐರಿಸ್ ನದಿಯ ಹತ್ತಿರ. ದೊಡ್ಡ ಜಮೀನುದಾರರ ಮನೆ. ಮನೆತುಂಬಾ ದಾಸದಾಸಿಯರು. ಈಕೆ ಹಿರಿಮಗಳು. ತಮ್ಮಂದಿರಲ್ಲಿ ಮೂವರು ಮುಂದೆ ಬಿಷಪ್ ಆದರು: ಕೈಸರೇಯದ ಬೆಸಿಲ್, ನಿಸ್ಸಾದ ಗ್ರೆಗೊರಿ, ಸೆಬಾಸ್ತೆಯ ಪೇತ್ರ. ನಮಗೆ ಇವಳ ಕಥೆ ಗೊತ್ತಿರುವುದು ಗ್ರೆಗೊರಿ ಬರೆದಿಟ್ಟದ್ದರಿಂದ.

ಚಿಕ್ಕ ವಯಸ್ಸಿನಲ್ಲೇ ಮದುವೆ ಗೊತ್ತಾಗಿತ್ತು. ಮದುವೆಗೆ ಮೊದಲೇ ಹುಡುಗ ತೀರಿಕೊಂಡ. ಬೇರೆ ಸಂಬಂಧಗಳು ಬಂದವು. ಅವಳು ಒಪ್ಪಲಿಲ್ಲ. ಅವಳು ಕೊಟ್ಟ ಕಾರಣ ನೋಡಿ: ಆತ ಸತ್ತಿಲ್ಲ, ಪುನರುತ್ಥಾನದ ನಿರೀಕ್ಷೆಯಲ್ಲಿ ದೇವರಿಗೆ ಬದುಕಿದ್ದಾನೆ, ದೂರದೂರಿಗೆ ಹೋಗಿದ್ದಾನೆ ಅಷ್ಟೇ, ಊರಿಗೆ ಹೋದವನಿಗೆ ನಾನು ಹೇಗೆ ಮೋಸ ಮಾಡಲಿ? ಮದುವೆ ತಪ್ಪಿಸಿಕೊಳ್ಳಲು ಒಳ್ಳೇ ಉಪಾಯ ಅಂತ ಕೆಲವರು ನಗುತ್ತಾರೆ. ಇರಲೂಬಹುದು. ಆದರೆ ಮುಂದಿನ ಬದುಕು ನೋಡಿದರೆ ಆ ಮಾತನ್ನು ಅವಳು ನಿಜವಾಗಿ ನಂಬಿದ್ದಳು ಅನ್ನಿಸುತ್ತದೆ.

ಬೆಸಿಲ್ ಅಥೆನ್ಸಿನಲ್ಲಿ ಓದಿ ಊರಿಗೆ ಬಂದ. ಮಾತುಗಾರಿಕೆ ನೆತ್ತಿಗೇರಿತ್ತು. ಊರಿನ ದೊಡ್ಡವರು ಯಾರೂ ಅವನ ಕಣ್ಣಿಗೆ ಬೀಳುತ್ತಿರಲಿಲ್ಲ. ಇದು ನನ್ನ ಮಾತಲ್ಲ, ಸ್ವಂತ ತಮ್ಮ ಗ್ರೆಗೊರಿಯದೇ. ಅವನನ್ನು ಆ ಅಟ್ಟದಿಂದ ಇಳಿಸಿದ್ದು ಅಕ್ಕ. ಆಮೇಲೆ ತಾಯಿ ಎಮ್ಮೇಲಿಯಾಳನ್ನೂ ಒಪ್ಪಿಸಿದಳು. ಮನೆಯ ದಾಸಿಯರನ್ನು ದಾಸಿಯರೆಂದು ನೋಡುವುದನ್ನು ನಿಲ್ಲಿಸೋಣ, ಅಕ್ಕತಂಗಿಯರ ಹಾಗೆ ಇರೋಣ. ಒಂದೇ ಊಟದ ಮೇಜು, ಒಂದೇ ಥರದ ಹಾಸಿಗೆ, ಒಂದೇ ಥರದ ಬದುಕು. ನಿನ್ನೆ ಯಾರು ಅಮ್ಮಾವ್ರು ಅನ್ನಿಸಿಕೊಂಡಿದ್ದಳೋ ಇವತ್ತು ಅವಳೂ ಹಿಟ್ಟು ನಾದುವವಳೇ.

ಈಗ ಹೇಳಿ ಓದುವವರೇ, ಇಲ್ಲಿ ತಗ್ಗಿದವರು ಯಾರು? ಮೇಲಿದ್ದವರು. ಸತ್ತ ಮೇಲೆ ಸಿಗುತ್ತೆ ಅಂತ ದಾಸಿಗೆ ಹೇಳಲಿಲ್ಲ. ತನಗೆ ತಾನೇ ಹೇಳಿಕೊಂಡು, ಕೈಲಿದ್ದ ಅಂತಸ್ತನ್ನು ಬಿಟ್ಟಳು. ಬಿಡುವ ಧೈರ್ಯ ಎಲ್ಲಿಂದ ಬಂತು ಅಂದರೆ ಆ ನಿರೀಕ್ಷೆಯಿಂದ ಅನ್ನುತ್ತೇನೆ.

ಸುಮ್ನೆ ಓದುವವ:

ಸರಿ, ಇದು ಚೆನ್ನಾಗಿದೆ. ಆದರೆ ಬರೆದವನು ತಮ್ಮ. ಅಕ್ಕನ ಬಗ್ಗೆ ತಮ್ಮ ಬರೆದರೆ ಹೀಗೇ ಬರೆಯೋದು. ಸಾಯೋ ಹೊತ್ತಿನಲ್ಲಿ ಅವಳು ಆತ್ಮದ ಬಗ್ಗೆ ದೊಡ್ಡ ಸಂವಾದ ಮಾಡಿದಳು ಅಂತ ಆ ತಮ್ಮನದೇ ಇನ್ನೊಂದು ಪುಸ್ತಕ ಇದೆಯಲ್ಲ, ಅದು ಸಾಕ್ರೆಟಿಸ್ ಸಾಯುವ ದಿನದ ಪ್ಲೇಟೋನ ಸಂವಾದದ ಅಚ್ಚಿನಲ್ಲೇ ಇದೆ. ಅಷ್ಟನ್ನು ನಾನೂ ಓದಿದ್ದೇನೆ.

ಹಳೇ ಪುಸ್ತಕ:

ನಿಜ, ಅಚ್ಚು ಪ್ಲೇಟೋನದ್ದೇ. ಮಾತುಗಳನ್ನು ಜೋಡಿಸಿದ್ದು ಗ್ರೆಗೊರಿಯೇ. ಆದರೆ ಆ ಅಚ್ಚಿನಲ್ಲಿ ಗುರುವಿನ ಜಾಗಕ್ಕೆ ಯಾರನ್ನು ಕೂರಿಸಿದ ನೋಡಿ. ಆತ ಬಿಷಪ್. ದೊಡ್ಡ ಪಂಡಿತ. ಸಂವಾದದುದ್ದಕ್ಕೂ ಅಕ್ಕನನ್ನು ಕರೆಯುವುದು ಗುರು ಅಂತಲೇ. ತನಗೆ ಉಳಿಸಿಕೊಂಡದ್ದು ಅನುಮಾನ ಕೇಳುವ ಶಿಷ್ಯನ ಪಾತ್ರ. ಬೇಕಾಗಿದ್ದರೆ ತಾನೇ ಗುರುವಾಗಬಹುದಿತ್ತು, ಬರೆಯುವ ಕೈ ಅವನದೇ ತಾನೆ?

ಅವನ ಅನುಮಾನಗಳೂ ಸುಮ್ಮನೆ ತೋರಿಕೆಯವಲ್ಲ. ಆ ವರ್ಷ 379. ಬೆಸಿಲ್ ತೀರಿಕೊಂಡು ಹೆಚ್ಚು ದಿನ ಆಗಿರಲಿಲ್ಲ. ದುಃಖ ಹಂಚಿಕೊಳ್ಳೋಣ ಅಂತ ಅಕ್ಕನ ಹತ್ತಿರ ಬಂದರೆ ಅವಳೇ ಸಾವಿನ ಹಾಸಿಗೆಯಲ್ಲಿ. ಹಾಸಿಗೆಯೂ ಅಲ್ಲ. ನೆಲದ ಮೇಲೆ ಒಂದು ಹಲಗೆ, ಅದರ ಮೇಲೆ ಗೋಣಿ. ತಲೆದಿಂಬಿನ ಜಾಗದಲ್ಲಿ ಇನ್ನೊಂದು ಹಲಗೆ, ಕತ್ತಿಗೆ ಆಸರೆಯಾಗುವ ಹಾಗೆ ಓರೆಯಾಗಿ ಇಟ್ಟದ್ದು. ಗ್ರೆಗೊರಿ ಅಳುತ್ತಾನೆ. ಅವಳು ತಕ್ಷಣ ತಡೆಯುವುದಿಲ್ಲ. ಸ್ವಲ್ಪ ಹೊತ್ತು ಅಳಲು ಬಿಟ್ಟು, ಆಮೇಲೆ ಮಾತಿಗೆ ಎಳೆಯುತ್ತಾಳೆ. ಆಗ ಅವನು ನೇರವಾಗಿ ಹೇಳಿಬಿಡುತ್ತಾನೆ: ಆತ್ಮ ಉಳಿಯುತ್ತದೆ ಅನ್ನುವ ಧರ್ಮಗ್ರಂಥದ ಮಾತುಗಳು ನನಗೆ ಅಪ್ಪಣೆಯ ಹಾಗೆ ಕೇಳಿಸುತ್ತವೆ, ನಂಬಲೇಬೇಕು ಅಂತ ನಂಬುತ್ತೇವೆ, ಬುದ್ಧಿ ಒಪ್ಪಿ ನಂಬುತ್ತಿಲ್ಲ. ಒಬ್ಬ ಬಿಷಪ್ ಹೀಗೆ ಬರೆದಿಟ್ಟಿದ್ದಾನೆ ಸ್ವಾಮೀ! ನಮ್ಮಲ್ಲಿ ಯುವಜನರ ಕೂಟದಲ್ಲಿ ಒಬ್ಬ ಹುಡುಗ ಇದನ್ನು ಕೇಳಿದರೆ ಪ್ರಾರ್ಥನೆ ಮಾಡು ಹೋಗು ಅನ್ನುತ್ತೇವೆ.

ಮ್ಯಾಕ್ರಿನಾ ಹಾಗೆ ಅನ್ನಲಿಲ್ಲ. ಸತ್ತ ದೇಹ ಮಣ್ಣಾಗಿ ಚೆದುರಿಹೋದ ಮೇಲೆ ಮತ್ತೆ ಹೇಗೆ ಕೂಡಿಕೊಳ್ಳುತ್ತದೆ ಅಂತ ಕೇಳಿದಾಗ ಮಡಕೆಯ ಮಾತು ಹೇಳುತ್ತಾಳೆ. ಹತ್ತಾರು ಮಡಕೆ ಒಡೆದು ಚೂರುಗಳೆಲ್ಲ ಬೆರೆತರೂ ಮಡಕೆಯ ಒಡೆಯ ಇದು ನನ್ನದರ ಚೂರು ಅಂತ ಗುರುತು ಹಿಡಿಯುತ್ತಾನೆ. ಆತ್ಮವೂ ತನ್ನದನ್ನು ಹಾಗೆ ಮರೆಯುವುದಿಲ್ಲ. ಇವತ್ತಿನವರಿಗೆ ಇದು ಸಾಲದೇ ಹೋಗಬಹುದು, ನನಗೂ ಪೂರ್ತಿ ಸಾಲದು. ಆದರೆ ಉಸಿರು ಕಟ್ಟುತ್ತಿರುವಾಗಲೂ ಪ್ರಶ್ನೆಯನ್ನು ಬೈಯದೆ, ಅದರ ಜೊತೆ ಕೂತಳಲ್ಲ, ಜ್ಞಾನ ಅಂದರೆ ನಾನು ಅದನ್ನೇ ಅನ್ನುವುದು.

ಬೆಟಗೇರಿಯವ:

ಇಲ್ಲಿ ಒಂದು ಸೇರಿಸಲೇಬೇಕು. ಬೈಬಲಿನ ದಾನಿಯೇಲನ ಪುಸ್ತಕದ 12ನೇ ಅಧ್ಯಾಯದಲ್ಲಿ, ಮಣ್ಣಿನ ಧೂಳಿನಲ್ಲಿ ಮಲಗಿರುವವರಲ್ಲಿ ಅನೇಕರು ಎಚ್ಚೆತ್ತುಕೊಳ್ಳುತ್ತಾರೆ ಅನ್ನುವ ವಚನದ ಮುಂದಿನ ವಚನದಲ್ಲೇ ಜ್ಞಾನಿಗಳು ಹೊಳೆಯುತ್ತಾರೆ ಅಂತಿದೆ. 2 ಮತ್ತು 3ನೇ ವಚನ, ಪಕ್ಕಪಕ್ಕ. ಯಾವ ಜ್ಞಾನಿಗಳು? ಪದವಿ ಪಡೆದವರಲ್ಲ. 11ನೇ ಅಧ್ಯಾಯದಲ್ಲೇ ಅವರ ಸುಳಿವಿದೆ. ಹಿಂಸೆಯ ಕಾಲದಲ್ಲಿ ಜನರಿಗೆ ತಿಳಿವಳಿಕೆ ಹೇಳಿ, ಕತ್ತಿಗೂ ಬೆಂಕಿಗೂ ಸಿಕ್ಕವರು. ಅಪೊಸ್ತಲ ಪೌಲನೂ ಕೊರಿಂಥದ ಸಭೆಯವರಿಗೆ ಬರೆದ ಮೊದಲ ಪತ್ರವನ್ನು ಜ್ಞಾನದ ಜಂಬದವರನ್ನು ಬೈಯುವುದರಿಂದ ಶುರುಮಾಡಿ, 15ನೇ ಅಧ್ಯಾಯದಲ್ಲಿ ಪುನರುತ್ಥಾನಕ್ಕೆ ತಂದು ನಿಲ್ಲಿಸುತ್ತಾನೆ. ನಡುವೆ 11ನೇ ಅಧ್ಯಾಯದಲ್ಲಿ ಏನಿದೆ? ಯೇಸುವಿನ ಕಡೇ ಊಟದ ನೆನಪಿಗೆ ಸಭೆ ಮಾಡುವ ಕರ್ತನ ಭೋಜನಕ್ಕೆ ಉಳ್ಳವರು ಮೊದಲೇ ಬಂದು ತಿಂದು ಕುಡಿದು ತೇಗಿದರೆ, ಇಲ್ಲದವರು ಹಸಿದು ಕೂತಿರುತ್ತಾರೆ. ತಿರುಗಿ ಊಟದ ಜಗಳವೇ!

ಹಾಸನದ ಸಿಸ್ಟರಮ್ಮ:

ನಾನು ನರ್ಸ್. ಮ್ಯಾಕ್ರಿನಾ ಕಥೆಯಲ್ಲಿ ಒಂದು ಭಾಗ ನನಗೆ ಕಷ್ಟ. ಅವಳ ಎದೆಯಲ್ಲಿ ಗಡ್ಡೆ ಬಂದಾಗ ವೈದ್ಯನಿಗೆ ತೋರಿಸಲು ಒಪ್ಪಲಿಲ್ಲ, ನಾಚಿಕೆ ಅಂತ. ರಾತ್ರಿಯಿಡೀ ಪ್ರಾರ್ಥನೆ ಮಾಡಿ ವಾಸಿಯಾಯಿತು ಅಂತ ಬರೆದಿದ್ದಾರೆ. ದಯವಿಟ್ಟು ಯಾರೂ ಇದನ್ನು ಪ್ರಸಂಗದಲ್ಲಿ ಎತ್ತಿಕೊಂಡು ಆಸ್ಪತ್ರೆಗೆ ಹೋಗಬೇಡಿ ಅನ್ನಬೇಡಿ. ಎದೆಯಲ್ಲಿ ಗಂಟು ಮುಚ್ಚಿಟ್ಟುಕೊಂಡು ತಡವಾಗಿ ಬರುವ ಹೆಂಗಸರನ್ನು ನಾವು ನೋಡುತ್ತಲೇ ಇರುತ್ತೇವೆ. ಅದು ದೀನತೆಯೂ ಅಲ್ಲ, ನಂಬಿಕೆಯೂ ಅಲ್ಲ. ಅವಳ ಸ್ವಂತ ತಮ್ಮ ಬೆಸಿಲ್ ಕೈಸರೇಯದಲ್ಲಿ ರೋಗಿಗಳಿಗೆ, ಕುಷ್ಠರೋಗಿಗಳಿಗೆ ದೊಡ್ಡ ಆಸ್ಪತ್ರೆಯನ್ನೇ ಕಟ್ಟಿಸಿದ, ಅದನ್ನೂ ಹೇಳಿ.

ಕುಡ್ಲದ ಅಕ್ಕ:

ಸಿಸ್ಟರ್, ನೂರಕ್ಕೆ ನೂರು ಒಪ್ಪಿದೆ. ಆದರೆ ಆ ಗಡ್ಡೆ ಹೋದಮೇಲೆ ಒಂದು ಸಣ್ಣ ಕಲೆ ಉಳಿಯಿತು ಅಂತ ಬರುತ್ತದಲ್ಲ, ಅದು ನನಗೆ ಇಷ್ಟ. ಶವಕ್ಕೆ ಬಟ್ಟೆ ಉಡಿಸುವಾಗ ಜೊತೆಗಿದ್ದ ವೆಟಿಯಾನಾ ದೀಪ ಹತ್ತಿರ ಹಿಡಿದು ಗ್ರೆಗೊರಿಗೆ ಆ ಕಲೆ ತೋರಿಸುತ್ತಾಳೆ. ಎದ್ದು ಬಂದ ಯೇಸುಸ್ವಾಮಿಯ ಮೈಮೇಲೂ ಮೊಳೆಯ ಗುರುತು ಹಾಗೇ ಇತ್ತು. ನಂಬದೆ ನಿಂತ ಶಿಷ್ಯ ತೋಮನಿಗೆ ತೋರಿಸಿದ್ದು ಅದನ್ನೇ. ಪಟ್ಟ ಕಷ್ಟವೆಲ್ಲ ಅಳಿಸಿಹೋಗಿ ಹೊಸ ಮೈ ಬರುತ್ತೆ ಅಂತ ಅಲ್ಲ. ಅನುಭವಿಸಿದ್ದು ಲೆಕ್ಕಕ್ಕೆ ಇರುತ್ತೆ.

ಇನ್ನೊಂದು. ಉಡಿಸಲು ಬಟ್ಟೆ ಎಲ್ಲಿಟ್ಟಿದ್ದಾಳೆ ಅಂತ ಗ್ರೆಗೊರಿ ಕೇಳಿದರೆ ಅಲ್ಲಿದ್ದವರು ಏನೂ ಇಲ್ಲ ಅಂದರು. ಮೈಮೇಲಿನ ಹಳೇ ಮೇಲುವಸ್ತ್ರ, ತಲೆಯ ಮುಸುಕು, ಸವೆದ ಚಪ್ಪಲಿ. ಆಸ್ತಿ ಇಷ್ಟೇ. ಕೊನೆಗೆ ತಮ್ಮನೇ ತನ್ನ ಬಟ್ಟೆ ಕೊಟ್ಟ. ಕೊರಳಲ್ಲಿ ದಾರಕ್ಕೆ ಕಟ್ಟಿದ ಕಬ್ಬಿಣದ ಶಿಲುಬೆ, ಕಬ್ಬಿಣದ ಉಂಗುರ. ಚಿನ್ನವಲ್ಲ, ಕಬ್ಬಿಣ. ನಮ್ಮಲ್ಲಿ ಈಗ ಗೋರಿಗೆ ಗ್ರಾನೈಟ್ ಹಾಕಿಸುವುದರಲ್ಲೂ ಪೈಪೋಟಿ. ಸತ್ತವರನ್ನು ನೆನೆಯುವ ದಿನ ನವೆಂಬರ್ 2ಕ್ಕೆ ಸ್ಮಶಾನಕ್ಕೆ ಹೋದರೆ ಯಾರ ಮನೆಯವರದು ಎಷ್ಟು ಎತ್ತರ ಅಂತ ನೋಡಿಕೊಂಡೇ ಬರಬೇಕು.

ಮಳೆಗಾಲ:

ಇಲ್ಲಿ ಬರೆಯಬೇಕೋ ಬೇಡವೋ ಅಂತ ಯೋಚಿಸುತ್ತಿದ್ದೆ. ನನ್ನ ಯಜಮಾನರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಮಣ್ಣು ಮಾಡಿದ ದಿನ ಸಭೆಯ ಹಿರಿಯರೊಬ್ಬರು ಅಳಬೇಡಮ್ಮಾ, ನಿರೀಕ್ಷೆ ಇಲ್ಲದವರು ಅಳುತ್ತಾರೆ, ನಾವು ಅಳಬಾರದು ಅಂದರು. ಒಳ್ಳೇ ಮನಸ್ಸಿನಿಂದಲೇ ಅಂದದ್ದು. ನಾನು ಅವತ್ತಿನಿಂದ ಬಚ್ಚಲಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತೇನೆ. ಮ್ಯಾಕ್ರಿನಾ ತಮ್ಮನಿಗೆ ಅಳಲು ಬಿಟ್ಟಳು ಅನ್ನೋದನ್ನ ಎರಡು ಸಲ ಓದಿದೆ.

ಗಡಿನಾಡು:

ಅಕ್ಕಾ, ಆ ಹಿರಿಯರು ಹೇಳಿದ್ದು 1 ಥೆಸಲೋನಿಕ 4:13. ಅಲ್ಲಿ ದುಃಖಿಸಬೇಡಿ ಅಂತ ಪೌಲ ನಿಲ್ಲಿಸುವುದಿಲ್ಲ. ನಿರೀಕ್ಷೆ ಇಲ್ಲದವರ ಹಾಗೆ ದುಃಖಿಸಬೇಡಿ ಅನ್ನುತ್ತಾನೆ. ಅಳು ಇರುತ್ತದೆ, ಅದರ ಜೊತೆ ನಿರೀಕ್ಷೆಯೂ ಇರುತ್ತದೆ. ಯೋಹಾನ 11ರಲ್ಲಿ ಸತ್ತುಹೋದ ಗೆಳೆಯ ಲಾಜರನನ್ನು ಇನ್ನೇನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಯೇಸು ಅತ್ತ. ಎಬ್ಬಿಸುವವನೇ ಅತ್ತಮೇಲೆ ನಮ್ಮನ್ನು ತಡೆಯಲು ಯಾರಿಗೂ ಹಕ್ಕಿಲ್ಲ. ನಲ್ಲಿ ಬಿಡಬೇಡಿ ಅಕ್ಕಾ. ಕೇಳಿಸಿದರೆ ಕೇಳಿಸಲಿ.

ಹಳೇ ಪುಸ್ತಕ:

ಮಳೆಗಾಲದ ಅಕ್ಕಾ, ಇನ್ನೊಂದು ಸಂಗತಿ ನಿಮಗಾಗಿ. ದೀಪ ಹಚ್ಚುವ ಹೊತ್ತಿಗೆ ಮ್ಯಾಕ್ರಿನಾ ಹೋದಳು. ಅಲ್ಲಿದ್ದ ಹೆಣ್ಣುಮಕ್ಕಳು ಅಲ್ಲಿಯವರೆಗೆ ಅವಳಿಗೆ ಹೆದರಿ ಅಳು ನುಂಗಿಕೊಂಡಿದ್ದರು. ಆಮೇಲೆ ತಡೆಯಲಾಗಲಿಲ್ಲ. ನಮ್ಮ ಕಣ್ಣಿನ ದೀಪ ಆರಿಹೋಯಿತು ಅಂತ ಕೂಗಿ ಅತ್ತರು. ಎಲ್ಲರಿಗಿಂತ ಜಾಸ್ತಿ ಅತ್ತವರು ಯಾರು ಗೊತ್ತಾ? ಬರಗಾಲದಲ್ಲಿ ದಾರಿ ಬದಿಯಲ್ಲಿ ಬಿದ್ದಿದ್ದ ಹೆಣ್ಣುಮಕ್ಕಳು. ಅವಳೇ ಎತ್ತಿ ತಂದು ಸಾಕಿದ್ದಳು. ಅವರಿಗೆ ಅವಳು ಅಮ್ಮ. ತಿರುಗಿ ಕೊಡಲು ಅವರ ಕೈಲಿ ಏನೂ ಇರಲಿಲ್ಲ. ಬೆಟಗೇರಿಯವರು ಹೇಳಿದ ಲೂಕನ ಆ ವಚನದವರು ಇವರೇ. ಗ್ರೆಗೊರಿ ಆ ಅಳುವನ್ನು ಬೈದು ಬರೆಯಲಿಲ್ಲ. ತಾನೂ ಅದರಲ್ಲಿ ಕೊಚ್ಚಿಹೋದೆ ಅಂತ ಬರೆದ.

ಸುಮ್ನೆ ಓದುವವ:

ಒಂದು ಉಳಿಯಿತು. ದಾಸಿಯರ ಜೊತೆ ಕೂತು ಉಂಡಳು, ಒಳ್ಳೇದು. ಅದು ಆ ಒಂದು ಮನೆಯ ಕಥೆ. ದಾಸ್ಯವೇ ತಪ್ಪು ಅಂತ ಯಾರಾದರೂ ಅಂದರಾ?

ಹಳೇ ಪುಸ್ತಕ:

ಅಂದರು. ಅದೇ ಗ್ರೆಗೊರಿ. ಬೈಬಲಿನಲ್ಲಿ ಪ್ರಸಂಗಿ ಅನ್ನುವ ಪುಸ್ತಕ ಇದೆಯಲ್ಲ, ಅದರ ಮೇಲೆ ಅವನ ಪ್ರವಚನಗಳಿವೆ. ನಾಲ್ಕನೆಯದರಲ್ಲಿ, ದಾಸದಾಸಿಯರನ್ನು ಕೊಂಡುಕೊಂಡೆ ಅನ್ನುವ ವಚನ ಬಂದಾಗ ಹಿಡಿದು ಝಾಡಿಸುತ್ತಾನೆ. ದೇವರ ರೂಪದಲ್ಲಿ ಹುಟ್ಟಿದವರಿಗೆ ಬೆಲೆ ಕಟ್ಟಿದೆಯಾ, ಎಷ್ಟು ಕಾಸು ಕೊಟ್ಟೆ, ಸಂತೆಯಲ್ಲಿ ಯಾವ ವಸ್ತು ಅದಕ್ಕೆ ಸಮ ಅಂತ ಕಂಡೆ? ನೀನೂ ಅವನೂ ಒಂದೇ ಗಾಳಿ ಉಸಿರಾಡುತ್ತೀರಿ, ಸತ್ತಮೇಲೆ ಇಬ್ಬರೂ ಒಂದೇ ಮಣ್ಣು, ಒಂದೇ ತೀರ್ಪು. ಆ ಕಾಲದಲ್ಲಿ ದಾಸರನ್ನು ಚೆನ್ನಾಗಿ ನೋಡಿಕೊಳ್ಳಿ ಅಂದ ಬೋಧಕರು ಬೇಕಾದಷ್ಟು ಜನ. ಇಟ್ಟುಕೊಳ್ಳುವುದೇ ದೇವರ ಮೇಲಿನ ಅಹಂಕಾರ ಅಂತ ಹೀಗೆ ನೇರವಾಗಿ ಅಂದವರು ತೀರಾ ಅಪರೂಪ. ಅಕ್ಕನ ಮನೆಯ ಊಟದ ಮೇಜು ನೋಡಿದವನು ಅವನು. ಅಲ್ಲಿಂದಲೇ ಬಂತು ಅನ್ನೋದು ನನ್ನ ಊಹೆ.

ಸುಮ್ನೆ ಓದುವವ:

ಸರಿ. ಇದಕ್ಕೆ ನನ್ನ ಹತ್ತಿರ ಸದ್ಯಕ್ಕೆ ಮರುಮಾತಿಲ್ಲ. ಆ ಪ್ರವಚನ ಹುಡುಕಿ ಓದುತ್ತೇನೆ, ಆಮೇಲೆ ಬರುತ್ತೇನೆ.

ಹೊಸ ಸದಸ್ಯ:

ಎಲ್ಲ ಚೆನ್ನಾಗಿದೆ, ಆದರೆ ಗ್ರೆಗೊರಿ ಕಡೆಗೆ ಎಲ್ಲರೂ ರಕ್ಷಣೆ ಹೊಂದುತ್ತಾರೆ, ನರಕವೂ ಶುದ್ಧಿಯ ಬೆಂಕಿಯೇ ಅನ್ನುವವನಲ್ಲವಾ? ಇಂಥವನ ಪುಸ್ತಕ ಇಲ್ಲಿ ಹೊಗಳುವುದು ಸರಿಯಾ?

ಬೆಟಗೇರಿಯವ:

ಆ ಸಂವಾದದಲ್ಲಿ ಆ ಮಾತು ಇದೆ, ಅದೂ ಮ್ಯಾಕ್ರಿನಾಳ ಬಾಯಲ್ಲೇ. ಜುಲೈ 19ಕ್ಕೆ ಪೂರ್ವದ ಆರ್ಥೊಡಾಕ್ಸ್ ಸಭೆಯವರೂ ಕಥೋಲಿಕರೂ ಅವಳನ್ನು ಸಂತಳೆಂದು ನೆನೆಯುತ್ತಾರೆ, ಅದೂ ಇದೆ. ಇಲ್ಲಿ ಎತ್ತಿದರೆ ಮಳೆಗಾಲದ ಅಕ್ಕನ ಮಾತು ಕೆಳಗೆ ಹೋಗಿಬಿಡುತ್ತದೆ. ಬೇರೆ ಚರ್ಚೆ ಶುರುಮಾಡಿದ್ದೇನೆ, ಅಲ್ಲಿಗೆ ಬನ್ನಿ. ಬರುವ ಮೊದಲು 1 ಕೊರಿಂಥ 15:28 ಓದಿಕೊಂಡು ಬನ್ನಿ, ಗ್ರೆಗೊರಿ ಊರಿ ನಿಂತದ್ದು ಆ ವಚನದ ಮೇಲೆ.